ಡಬ್ಬಿಯ ಮೇಲೊಂದು ಹೆಸರು, ಒಳಗೊಂದು ಹೆಸರು

ಗ್ರಂಥಾಲಯದ ಹಳೆಯ ಕ್ಯಾಟಲಾಗ್ ಬೀರುವಿನ ಖಾನೆಗಳನ್ನು ಎಳೆದೆಳೆದು ಪುಸ್ತಕ ಹುಡುಕಿದವರಿಗೆ ಒಂದು ಪೇಚು ಚೆನ್ನಾಗಿ ಗೊತ್ತು. ಹುಡುಕುವವನ ಬಾಯಲ್ಲಿ 'ಅಂಬಿಕಾತನಯದತ್ತ' ಎಂದಿರುತ್ತದೆ. ಕಾರ್ಡು ಇರುವುದು 'ಬೇಂದ್ರೆ' ಎಂಬಲ್ಲಿ. 'ಶ್ರೀನಿವಾಸ'ರ ಕಥೆ ಬೇಕೆಂದರೆ 'ಮಾಸ್ತಿ' ಎಂಬ ಖಾನೆಗೆ ಹೋಗಬೇಕು. ಕೆಲಸ ಬಲ್ಲ ಗ್ರಂಥಪಾಲಕರು ಇಂಥ ಕಡೆ ಇನ್ನೊಂದು ಪುಟ್ಟ ಕಾರ್ಡು ಸೇರಿಸಿಟ್ಟಿರುತ್ತಾರೆ: 'ಕುವೆಂಪು - ನೋಡಿ: ಪುಟ್ಟಪ್ಪ, ಕೆ.ವಿ.' ಎರಡು ಹೆಸರುಗಳ ನಡುವಿನ ಆ ಒಂದು ಸಾಲಿನ ಸೇತುವೆ ಇಲ್ಲದಿದ್ದರೆ, ಪುಸ್ತಕ ಕಪಾಟಿನಲ್ಲೇ ಇದ್ದರೂ ಓದುಗ ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತದೆ.

'ಪೈಥಾನ್' ಎಂಬ ಕಂಪ್ಯೂಟರ್ ಭಾಷೆ ಕಲಿಯಹೊರಟ ವಿದ್ಯಾರ್ಥಿಗಳು ಇಂಥದೇ ಪೇಚಿಗೆ ದಿನವೂ ಸಿಕ್ಕಿಬೀಳುತ್ತಾರೆ. ವ್ಯತ್ಯಾಸ ಇಷ್ಟೆ. ಗ್ರಂಥಾಲಯದಲ್ಲಿ ತಪ್ಪು ಹೆಸರು ಹೇಳಿದರೆ ಏನೂ ಸಿಗುವುದಿಲ್ಲ. ಇಲ್ಲಿ ತಪ್ಪು ಹೆಸರು ಹೇಳಿದರೆ ಏನೋ ಒಂದು ಸಿಗುತ್ತದೆ. ಕೆಲವೊಮ್ಮೆ ಕಳ್ಳನೇ ಸಿಗುತ್ತಾನೆ.

ಸಿಬಿಎಸ್‌ಇ ಪಠ್ಯಕ್ರಮದ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ವಿಜ್ಞಾನದಲ್ಲಿ ಪೈಥಾನ್ ಇದೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಂತೂ ಅದಿಲ್ಲದೆ ಪ್ರಾಜೆಕ್ಟ್ ಕೆಲಸವೇ ಸಾಗದು. ನೆದರ್‌ಲೆಂಡ್ಸ್‌ನ ಗಿಡೊ ವಾನ್ ರೋಸಮ್ 1991ರಲ್ಲಿ ಮೊದಲ ಬಾರಿ ಹೊರಬಿಟ್ಟ ಈ ಭಾಷೆಯ ಜನಪ್ರಿಯತೆಗೆ ಮುಖ್ಯ ಕಾರಣ, ಇತರರು ಬರೆದಿಟ್ಟ ಕೆಲಸವನ್ನು ಪುಕ್ಕಟೆಯಾಗಿ ಎತ್ತಿ ಬಳಸುವ ಸೌಲಭ್ಯ. ಚಿತ್ರಗಳನ್ನು ಕತ್ತರಿಸಬೇಕೇ, ಕಾಗುಣಿತ ಹೋಲಿಸಬೇಕೇ, ಮಳೆಯ ಅಂಕಿ-ಅಂಶ ಜಾಲಾಡಬೇಕೇ - ಯಾರೋ ಪುಣ್ಯಾತ್ಮರು ಅದಕ್ಕೆ ಬೇಕಾದ ತಂತ್ರಾಂಶ ಬರೆದು ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಅದನ್ನು ತರಿಸಿಕೊಂಡು ತನ್ನ ಪ್ರೋಗ್ರಾಮಿನೊಳಗೆ ಕರೆದರೆ ಮುಗಿಯಿತು.

ತೊಡಕು ಇರುವುದು ಈ 'ತರಿಸಿಕೊಳ್ಳುವ' ಮತ್ತು 'ಕರೆಯುವ' ಎರಡು ಹೆಜ್ಜೆಗಳ ನಡುವೆ.

ಅಂಗಡಿ ಬೇರೆ, ಅಡುಗೆಮನೆ ಬೇರೆ

ಅಂಗಡಿಗೆ ಹೋದವರು ಡಬ್ಬಿಯ ಮೇಲಿನ ಕಂಪನಿಯ ಹೆಸರು ಹೇಳಿ ಸಾಮಾನು ಕೊಳ್ಳುತ್ತಾರೆ. ಒಲೆಯ ಮುಂದೆ ನಿಂತವರು ಮಾತ್ರ 'ಸಾರಿನ ಪುಡಿ ಎತ್ತಿಕೊಡು' ಎನ್ನುತ್ತಾರೆ. ಪೈಥಾನ್ ಲೋಕದ ಅಂಗಡಿಗೆ 'ಪೈ-ಪಿ-ಐ' ಎಂದು ಹೆಸರು, 2003ರಲ್ಲಿ ಆರಂಭವಾದದ್ದು. ಆ ದಿನಗಳಲ್ಲಿ ಅದಕ್ಕೆ 'ಚೀಸ್ ಶಾಪ್' ಎಂಬ ಅಡ್ಡಹೆಸರೂ ಇತ್ತು. ಪೈಥಾನ್ ಎಂಬ ಹೆಸರೇ ಹಾವಿನಿಂದ ಬಂದದ್ದಲ್ಲ, ಬ್ರಿಟನ್ನಿನ 'ಮಾಂಟಿ ಪೈಥಾನ್' ಹಾಸ್ಯ ತಂಡದಿಂದ ಬಂದದ್ದು. ಆ ತಂಡದ ಒಂದು ಪ್ರಹಸನದಲ್ಲಿ ಗಿರಾಕಿ ಯಾವ ಚೀಸ್ ಕೇಳಿದರೂ ಅಂಗಡಿಯವನಲ್ಲಿ ಇರುವುದಿಲ್ಲ. ಪೈ-ಪಿ-ಐ ಅಂಗಡಿಯ ಸ್ಥಿತಿ ಅದಕ್ಕೆ ತದ್ವಿರುದ್ಧ: ಅಲ್ಲಿ ಇಂದು 6 ಲಕ್ಷಕ್ಕೂ ಹೆಚ್ಚು ಸರಕುಗಳಿವೆ.

ಈ ಸರಕಿಗೆ 'ಪ್ಯಾಕೇಜ್' ಎನ್ನುತ್ತಾರೆ. ತರಿಸುವ ಆಳು 'ಪಿಪ್' ಎಂಬ ಪುಟ್ಟ ತಂತ್ರಾಂಶ. 'ಪಿಪ್ ಇನ್‌ಸ್ಟಾಲ್' ಎಂದು ಬೆರಳಚ್ಚಿಸಿ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಅಂತರ್ಜಾಲದಿಂದ ಇಳಿದು ಕಂಪ್ಯೂಟರಿನಲ್ಲಿ ಕೂರುತ್ತದೆ. ಪ್ಯಾಕೇಜಿನೊಳಗೆ ನಿಜವಾಗಿ ಕೆಲಸ ಮಾಡುವ ಕೋಡ್ ತುಂಡುಗಳಿಗೆ 'ಮಾಡ್ಯೂಲ್' ಎಂದು ಹೆಸರು. ಪ್ರೋಗ್ರಾಮಿನ ತಲೆಯ ಮೇಲೆ 'ಇಂಪೋರ್ಟ್' ಎಂದು ಬರೆದು ಕರೆಯುವುದು ಈ ಮಾಡ್ಯೂಲನ್ನು. ಪ್ಯಾಕೇಜಿನ ಹೆಸರೂ ಮಾಡ್ಯೂಲಿನ ಹೆಸರೂ ಒಂದೇ ಆಗಿರಬೇಕೆಂಬ ಕಾನೂನು ಪೈಥಾನಿನಲ್ಲಿ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ.

ಹೀಗಾಗಿ 'ಪೈಯಾಮಲ್' ಎಂಬ ಪ್ಯಾಕೇಜ್ ತರಿಸಿದವನು ಕರೆಯಬೇಕಾದದ್ದು 'ಯಾಮಲ್' ಎಂದು. 'ಸೈಕಿಟ್-ಲರ್ನ್' ತರಿಸಿದರೆ 'ಎಸ್‌ಕೆಲರ್ನ್' ಎನ್ನಬೇಕು. 'ಓಪನ್‌ಸಿವಿ-ಪೈಥಾನ್' ತರಿಸಿದರೆ 'ಸಿವಿ2'. 'ಬ್ಯೂಟಿಫುಲ್‌ಸೂಪ್4' ತರಿಸಿದರೆ 'ಬಿಎಸ್4'. 'ಪಿಲ್ಲೋ' ತರಿಸಿದರೆ, ವಿಚಿತ್ರವೆನಿಸಿದರೂ, 'ಪಿಐಎಲ್'.

ಗೆಳೆಯನ ಪ್ರೋಗ್ರಾಂ ನಕಲು ಮಾಡಿಕೊಂಡು ಓಡಿಸಿದ ಹುಡುಗನಿಗೆ ಪರದೆಯ ಮೇಲೆ ಕೆಂಪಕ್ಷರದ ದೂರು ಕಾಣುತ್ತದೆ: ಸಿವಿ2 ಎಂಬ ಹೆಸರಿನ ಮಾಡ್ಯೂಲ್ ಇಲ್ಲ. ಅವನು ಸಹಜವಾಗಿಯೇ 'ಪಿಪ್ ಇನ್‌ಸ್ಟಾಲ್ ಸಿವಿ2' ಎಂದು ಬರೆಯುತ್ತಾನೆ. ದೂರು ಕೊಟ್ಟ ಯಂತ್ರ ಹೇಳಿದ ಹೆಸರು ಅದೇ ತಾನೇ? ಪಾಪ, ಅವನ ತರ್ಕದಲ್ಲಿ ದೋಷವಿಲ್ಲ. ಆದರೆ ಯಂತ್ರ ಹೇಳಿದ್ದು ಅಡುಗೆಮನೆಯ ಹೆಸರು. ಅವನು ಹೋದದ್ದು ಅಂಗಡಿಗೆ.

ಎರಡು ಹೆಸರು ಬಂದದ್ದು ಹೇಗೆ?

ಇದು ಯಾರದೋ ಬೇಜವಾಬ್ದಾರಿ ಎಂದು ಬೈಯುವ ಮುನ್ನ ಒಂದೊಂದು ಹೆಸರಿನ ಹಿಂದಿನ ಕಥೆ ಕೇಳುವುದು ಒಳ್ಳೆಯದು. ಬಹುಪಾಲು ಕಡೆ ಕಾರಣಗಳು ಸಕಾರಣಗಳೇ.

ಪಿಲ್ಲೋ ಕಥೆಯೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಸ್ವೀಡನ್ನಿನ ಫ್ರೆಡ್ರಿಕ್ ಲುಂಡ್ ಎಂಬಾತ 1990ರ ದಶಕದಲ್ಲಿ ಚಿತ್ರಗಳ ಸಂಸ್ಕರಣೆಗೆಂದು 'ಪೈಥಾನ್ ಇಮೇಜಿಂಗ್ ಲೈಬ್ರರಿ' ಬರೆದರು. ಅದರ ಮೂರು ಮೊದಲಕ್ಷರಗಳೇ ಪಿಐಎಲ್. 2009ರಲ್ಲಿ ಬಂದ 1.1.7ನೇ ಆವೃತ್ತಿಯೇ ಅದರ ಕೊನೆಯದಾಯಿತು. ಬಳಸುವವರೋ ಲೋಕದ ತುಂಬ ಇದ್ದರು. 2010ರಲ್ಲಿ ಅಲೆಕ್ಸ್ ಕ್ಲಾರ್ಕ್ ಆ ಕೋಡಿನ ಒಂದು ಕವಲನ್ನು 'ಪಿಲ್ಲೋ' ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಅಂಗಡಿಯಲ್ಲಿ ಹಳೆಯ ಹೆಸರು ಹಳೆಯವರದು, ಆದ್ದರಿಂದ ಹೊಸ ಹೆಸರು ಅನಿವಾರ್ಯ. ಆದರೆ ಒಳಗಿನ ಮಾಡ್ಯೂಲಿನ ಹೆಸರನ್ನೂ ಬದಲಾಯಿಸಿದ್ದರೆ ಅಷ್ಟೂ ಜನರ ಅಷ್ಟೂ ಪ್ರೋಗ್ರಾಮುಗಳು ಒಂದೇ ಏಟಿಗೆ ನಿಂತುಹೋಗುತ್ತಿದ್ದವು. ಅದಕ್ಕೇ ಒಳಗಿನದು ಪಿಐಎಲ್ ಎಂದೇ ಉಳಿಯಿತು. ಅಂಗಡಿ ಕೈಬದಲಾದರೂ ಹಳೆಯ ಬೋರ್ಡು ಹಾಗೇ ಉಳಿಯುವುದನ್ನು ನಮ್ಮ ಪೇಟೆಬೀದಿಗಳಲ್ಲಿ ಎಷ್ಟು ಕಂಡಿಲ್ಲ?

ಬ್ಯೂಟಿಫುಲ್ ಸೂಪ್ ವಿಷಯದಲ್ಲಿ ಕಾರಣ ಇದಕ್ಕೆ ವಿರುದ್ಧ. ಲಿಯೊನಾರ್ಡ್ ರಿಚರ್ಡ್‌ಸನ್ ಬರೆದ ಈ ತಂತ್ರಾಂಶ ಜಾಲಪುಟಗಳ ಕಲಸುಮೇಲೋಗರದಿಂದ ಬೇಕಾದ್ದನ್ನು ಆರಿಸಿ ಕೊಡುತ್ತದೆ. ಅದರ 3ನೇ ಆವೃತ್ತಿಯಿಂದ 4ನೆಯದಕ್ಕೆ ಹೋಗುವಾಗ ಬಳಸುವ ರೀತಿಯೇ ಬದಲಾಯಿತು. ಹಳೆಯದನ್ನು ನಂಬಿಕೊಂಡಿದ್ದವರಿಗೆ ತೊಂದರೆಯಾಗದೆ ಎರಡೂ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಬಾಳಲೆಂದು ಹೊಸದಕ್ಕೆ 'ಬಿಎಸ್4' ಎಂಬ ಹೊಸ ಮಾಡ್ಯೂಲ್ ಹೆಸರಿಟ್ಟರು. ಸಂಖ್ಯೆ ಮರೆತು ಬರೀ 'ಬ್ಯೂಟಿಫುಲ್‌ಸೂಪ್' ಎಂದು ತರಿಸಿದವರಿಗೆ ಇಂದಿಗೂ ಗಂಟುಬೀಳುವುದು ಆ ಹಳೆಯ ಸೂಪೇ.

ಸೈಕಿಟ್-ಲರ್ನ್‌ನದು ವ್ಯಾಕರಣದ ಸಮಸ್ಯೆ. ಪೈಥಾನ್ ಭಾಷೆಯೊಳಗೆ ಅಡ್ಡಗೆರೆ ಎಂದರೆ ವ್ಯವಕಲನ. ಪ್ರೋಗ್ರಾಮಿನಲ್ಲಿ 'ಸೈಕಿಟ್-ಲರ್ನ್' ಎಂದು ಬರೆದರೆ ಸೈಕಿಟ್‌ನಿಂದ ಲರ್ನ್ ಕಳೆ ಎಂದು ಯಂತ್ರ ಓದಿಕೊಳ್ಳುತ್ತದೆ! ಆದ್ದರಿಂದ ಅಡ್ಡಗೆರೆ ಇರುವ ಯಾವ ಪ್ಯಾಕೇಜಿನ ಹೆಸರೂ ಮಾಡ್ಯೂಲ್ ಹೆಸರಾಗಿ ಹಾಗೆಹಾಗೇ ಬರುವಂತಿಲ್ಲ. ಅಂಗಡಿಯ ನಿಯಮವೇ ಬೇರೆ. ಅಲ್ಲಿ ಅಡ್ಡಗೆರೆ, ಅಡಿಗೆರೆ, ಚುಕ್ಕಿ ಮೂರೂ ಒಂದೇ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೂ ಇಲ್ಲ. ಪ್ರೋಗ್ರಾಮಿನೊಳಗೆ ಮಾತ್ರ ಒಂದು ಅಕ್ಷರ ದೊಡ್ಡದಾಗಿದ್ದರೂ ಬೇರೆಯೇ ಹೆಸರು.

ಈ ಅಕ್ಷರಭೇದದಿಂದಾದ ಒಂದು ಫಜೀತಿ ಹೇಳಲೇಬೇಕು. ಗೂಢಲಿಪಿ ಕೆಲಸಕ್ಕೆ ಬೇಕಾದ 'ಪೈಕ್ರಿಪ್ಟೊಡೋಮ್' ಎಂಬ ಪ್ಯಾಕೇಜ್ ಕೊಡುವ ಮಾಡ್ಯೂಲಿನ ಹೆಸರು ದೊಡ್ಡ 'ಸಿ' ಅಕ್ಷರದ 'ಕ್ರಿಪ್ಟೊ'. ಅಂಗಡಿಯಲ್ಲಿ 'ಕ್ರಿಪ್ಟೊ' ಎಂಬ ಸಂಬಂಧವೇ ಇಲ್ಲದ ಇನ್ನೊಂದು ಪ್ಯಾಕೇಜ್ ಇದೆ. ಅದನ್ನು ತಪ್ಪಿ ತರಿಸಿದರೆ ಸಣ್ಣ 'ಸಿ' ಅಕ್ಷರದ ಕಡತಕೋಶ ಸೃಷ್ಟಿಯಾಗುತ್ತದೆ. ವಿಂಡೋಸ್‌ಗೆ ಕಡತಕೋಶದ ಹೆಸರಿನಲ್ಲಿ ದೊಡ್ಡದು-ಸಣ್ಣದು ಎಂಬ ಭೇದವಿಲ್ಲ, ಪೈಥಾನಿಗೆ ಇದೆ. ಆಮೇಲೆ ಸರಿಯಾದ ಪ್ಯಾಕೇಜ್ ತರಿಸಿದರೂ ಅದು ಹೋಗಿ ಆ ಸಣ್ಣಕ್ಷರದ ಕೋಶದಲ್ಲೇ ಸೇರಿಕೊಂಡು, ಪೈಥಾನ್ ಕಣ್ಣಿಗೆ ಬೀಳದೆ ಹೋಗುತ್ತದೆ. ಅದೆಷ್ಟು ಜನ ತಲೆಗೂದಲು ಕಿತ್ತುಕೊಂಡಿದ್ದಾರೋ!

ಹೆಸರು ಒಂದಕ್ಕೊಂದು ಹೊಂದುವುದಿಲ್ಲ ಎಂಬಲ್ಲಿಗೇ ಇದು ನಿಲ್ಲುವುದಿಲ್ಲ, ಲೆಕ್ಕವೂ ಹೊಂದುವುದಿಲ್ಲ. ಒಂದೇ ಪ್ಯಾಕೇಜಿನಿಂದ ಹಲವು ಮಾಡ್ಯೂಲು ಬರಬಹುದು: 'ಪೈವಿನ್32' ತರಿಸಿದರೆ 'ವಿನ್32ಎಪಿಐ', 'ವಿನ್32ಕಾನ್', 'ಪೈಥಾನ್‌ಕಾಮ್' ಹೀಗೆ ಒಂದು ಕುಟುಂಬವೇ ಇಳಿಯುತ್ತದೆ. ಹಲವು ಪ್ಯಾಕೇಜುಗಳು ಒಂದೇ ಮಾಡ್ಯೂಲ್ ಹೆಸರಿಗೆ ಹಕ್ಕು ಹೂಡುವುದೂ ಉಂಟು. ಓಪನ್‌ಸಿವಿಯ ಸಾಮಾನ್ಯ ಪ್ಯಾಕೇಜ್, ಹೆಚ್ಚುವರಿ ಸೌಲಭ್ಯಗಳ 'ಕಾಂಟ್ರಿಬ್' ಪ್ಯಾಕೇಜ್, ಪರದೆ ಇಲ್ಲದ ಯಂತ್ರಗಳಿಗಾಗಿ ಇರುವ 'ಹೆಡ್‌ಲೆಸ್' ಪ್ಯಾಕೇಜ್ - ಎಲ್ಲವೂ ಸಿವಿ2 ಎಂಬ ಒಂದೇ ಕೋಣೆಯೊಳಗೆ ಸಾಮಾನು ಇಳಿಸುತ್ತವೆ. ಎರಡನ್ನು ಒಟ್ಟಿಗೆ ತರಿಸಿದರೆ ಒಂದರ ಕಡತದ ಮೇಲೆ ಇನ್ನೊಂದು ಕೂರುತ್ತದೆ. ಒಂದನ್ನು ತೆಗೆದುಹಾಕಿದಾಗ ಇನ್ನೊಂದರ ಅರ್ಧವೂ ಜೊತೆಯಲ್ಲಿ ಹೋಗಿಬಿಡುತ್ತದೆ.

ಊಹೆಯ ಬೆಲೆ

ಇಷ್ಟೂ ಬರೀ ಕಿರಿಕಿರಿಯ ವಿಷಯವಾಗಿದ್ದರೆ ತಂದೆತಾಯಿಗಳು ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ಪೈ-ಪಿ-ಐ ಅಂಗಡಿಯಲ್ಲಿ ಯಾರೂ ಬಳಸಿರದ ಹೆಸರನ್ನು ಯಾರು ಬೇಕಾದರೂ ಮೊದಲು ಬಂದು ಹಿಡಿಯಬಹುದು. ಜನ ತಪ್ಪಾಗಿ ಯಾವ ಹೆಸರು ಬರೆಯುತ್ತಾರೆಂದು ಊಹಿಸಿ ಆ ಹೆಸರಿನಲ್ಲೇ ಅಂಗಡಿ ತೆರೆದು ಕಾದು ಕುಳಿತವರಿದ್ದಾರೆ. ಮೂಲರೂಪದಲ್ಲಿ ಬರುವ ಪ್ಯಾಕೇಜುಗಳಾದರೆ ತರಿಸುವ ಹೊತ್ತಿಗೇ ಅವುಗಳೊಳಗಿನ ಕೋಡ್ ಓಡಬಲ್ಲದು. 'ಇಂಪೋರ್ಟ್' ಎನ್ನುವವರೆಗೆ ಕಾಯುವುದೂ ಇಲ್ಲ. ಮಗಳ ಪ್ರಾಜೆಕ್ಟಿನ ಲ್ಯಾಪ್‌ಟಾಪಿನಲ್ಲೇ ಅಪ್ಪನ ಬ್ಯಾಂಕಿನ ವ್ಯವಹಾರವೂ ನಡೆಯುವ ಮನೆಗಳೆಷ್ಟೋ.

ಇದು ಎಷ್ಟು ಸುಲಭ ಎಂಬುದನ್ನು ತೋರಿಸಿಕೊಟ್ಟವನು ಒಬ್ಬ ವಿದ್ಯಾರ್ಥಿಯೇ. ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ನಿಕೊಲಾಯ್ ಚಾಖರ್ 2016ರಲ್ಲಿ ತನ್ನ ಪದವಿ ಪ್ರಬಂಧಕ್ಕಾಗಿ ಪೈಥಾನ್ ಮತ್ತು ಇನ್ನೆರಡು ಭಾಷೆಗಳ ಅಂಗಡಿಗಳಲ್ಲಿ 200ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಇಟ್ಟ. ಹೆಸರುಗಳೆಲ್ಲ ಜನಪ್ರಿಯ ಪ್ಯಾಕೇಜುಗಳ ಹೆಸರಿನ ಸುಲಭದ ತಪ್ಪುರೂಪಗಳು. ಒಳಗಿದ್ದುದು ನಿರುಪದ್ರವಿ ಕೋಡ್. 'ನೀವು ತಪ್ಪು ಪ್ಯಾಕೇಜ್ ತರಿಸಿದ್ದೀರಿ' ಎಂದು ಬಳಕೆದಾರನಿಗೆ ತಿಳಿಸಿ, ವಿಶ್ವವಿದ್ಯಾಲಯದ ಕಂಪ್ಯೂಟರಿಗೊಂದು ಸುದ್ದಿ ಕಳಿಸುವುದಷ್ಟೇ ಅದರ ಕೆಲಸ. ಕೆಲವೇ ತಿಂಗಳಲ್ಲಿ 17,000ಕ್ಕೂ ಹೆಚ್ಚು ಕಂಪ್ಯೂಟರುಗಳಿಂದ ಸುದ್ದಿ ಬಂತು. ಅವುಗಳಲ್ಲಿ ಅಮೆರಿಕದ ಸರ್ಕಾರಿ ಜಾಲದವೂ ಇದ್ದವು.

ಮರುವರ್ಷ, 2017ರ ಸೆಪ್ಟೆಂಬರಿನಲ್ಲಿ, ಸ್ಲೊವಾಕಿಯಾದ ರಾಷ್ಟ್ರೀಯ ಭದ್ರತಾ ಪ್ರಾಧಿಕಾರ ಹತ್ತು ನಕಲಿ ಪ್ಯಾಕೇಜುಗಳ ಪಟ್ಟಿ ಹೊರಡಿಸಿತು. ಅದರಲ್ಲಿದ್ದ ಕೆಲವು ಹೆಸರುಗಳು ಗಮನಾರ್ಹ: 'ಯುಆರ್‌ಎಲ್‌ಲಿಬ್', 'ಕ್ರಿಪ್ಟ್', 'ಪಿಡಬ್ಲ್ಯುಡಿ'. ಇವು ಆಗ ಪೈಥಾನಿನ ಜೊತೆಗೇ ಬರುತ್ತಿದ್ದ ಮಾಡ್ಯೂಲುಗಳ ಹೆಸರುಗಳು. ಮನೆಯ ಹಿತ್ತಿಲಲ್ಲೇ ಇರುವ ಸೊಪ್ಪನ್ನು ಪೇಟೆಯಲ್ಲಿ ಹುಡುಕುವವರನ್ನು ನಂಬಿ ಯಾರೋ ಬಲೆ ಬೀಸಿದ್ದರು. ಆಮೇಲೆ ಪೈ-ಪಿ-ಐ ಆ ಬಗೆಯ ಹೆಸರುಗಳನ್ನು ಹೊಸದಾಗಿ ಯಾರೂ ಪಡೆಯದಂತೆ ತಡೆಹಾಕಿತು.

2019ರ ಡಿಸೆಂಬರಿನ ಪ್ರಕರಣ ಇನ್ನೂ ಕಿಲಾಡಿಯದು. ತಾರೀಖುಗಳ ಲೆಕ್ಕಕ್ಕೆ ಬಳಸುವ ಅಸಲಿ ಪ್ಯಾಕೇಜಿನ ಹೆಸರು 'ಪೈಥಾನ್-ಡೇಟ್‌ಯುಟಿಲ್'. ಅಂಗಡಿಯಲ್ಲಿ 'ಪೈಥಾನ್3-ಡೇಟ್‌ಯುಟಿಲ್' ಎಂಬುದೊಂದು ಕಾಣಿಸಿಕೊಂಡಿತು. ಅದರೊಳಗೆ ಅಸಲಿಯ ಕೋಡೇ ಇತ್ತು. ತಾರೀಖುಗಳೂ ಸರಿಯಾಗಿಯೇ ಬರುತ್ತಿದ್ದವು. ಆದರೆ ಅದು ಜೊತೆಯಲ್ಲಿ 'ಜೆಲ್ಲಿಫಿಶ್' ಎಂಬಂತೆ ಕಾಣುವ ಇನ್ನೊಂದನ್ನು ಕರೆತರುತ್ತಿತ್ತು. ಜೆಲ್ಲಿಫಿಶ್ ಎಂಬುದು ಪದಗಳನ್ನು ಹೋಲಿಸುವ ಸಾಚಾ ಪ್ಯಾಕೇಜ್. ಇಲ್ಲಿ ಬಂದದ್ದು ಮಾತ್ರ ಇಂಗ್ಲಿಷಿನ ಸಣ್ಣ 'ಎಲ್' ಇರಬೇಕಾದ ಜಾಗದಲ್ಲಿ ದೊಡ್ಡ 'ಐ' ಇಟ್ಟುಕೊಂಡ ಸೋಗಲಾಡಿ. ಪರದೆಯ ಮೇಲೆ ಎರಡೂ ಒಂದೇ ಗೆರೆ! ಅದರ ಕೆಲಸ, ಬೇರೆ ಕಂಪ್ಯೂಟರುಗಳೊಳಗೆ ಹೋಗಲು ಬಳಕೆದಾರ ಇಟ್ಟುಕೊಂಡಿದ್ದ ಗುಪ್ತ ಕೀಲಿಗಳನ್ನು ಕದಿಯುವುದು. ಜರ್ಮನಿಯ ಲುಕಾಸ್ ಮಾರ್ಟಿನಿ ಎಂಬ ತಂತ್ರಜ್ಞ ಇದನ್ನು ಪತ್ತೆಹಚ್ಚುವ ಹೊತ್ತಿಗೆ ಆ ಸೋಗಿನ ಜೆಲ್ಲಿಫಿಶ್ ಅಂಗಡಿಯಲ್ಲಿ ಸುಮಾರು ಒಂದು ವರ್ಷದಿಂದ ಕುಳಿತಿತ್ತು.

'ಪೈಥಾನ್3-ಡೇಟ್‌ಯುಟಿಲ್' ಎಂಬ ಹೆಸರನ್ನು ಕಳ್ಳ ಸುಮ್ಮನೆ ಕಲ್ಪಿಸಿಕೊಂಡದ್ದೂ ಅಲ್ಲ. 'ಡೆಬಿಯನ್' ಎಂಬ ಲಿನಕ್ಸ್ ಬಳಗದಲ್ಲಿ ಅಸಲಿ ಸರಕಿನ ಅಧಿಕೃತ ಹೆಸರೇ ಅದು. ಡೆಬಿಯನ್ನಿನವರು ಬಹಳ ಹಿಂದೆಯೇ ಒಂದು ಶಿಸ್ತು ಮಾಡಿಕೊಂಡರು: ಪೈಥಾನ್ ಮಾಡ್ಯೂಲನ್ನು ಪ್ರೋಗ್ರಾಮಿನಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೋ ಅದರ ಹಿಂದೆ 'ಪೈಥಾನ್3' ಸೇರಿಸಿದರೆ ಅದೇ ಪ್ಯಾಕೇಜಿನ ಹೆಸರು. ಅಲ್ಲಿ ಪೈಯಾಮಲ್ ಇಲ್ಲ, 'ಪೈಥಾನ್3-ಯಾಮಲ್' ಇದೆ. ಪಿಲ್ಲೋ ಇಲ್ಲ, 'ಪೈಥಾನ್3-ಪಿಐಎಲ್' ಇದೆ. ಎಷ್ಟು ಅಚ್ಚುಕಟ್ಟು! ಆದರೆ ಒಂದು ಊರಿನ ಅಚ್ಚುಕಟ್ಟು ಇನ್ನೊಂದು ಊರಿನಲ್ಲಿ ಗುಂಡಿಯಾಯಿತು. ಡೆಬಿಯನ್ ರೂಢಿಯವನು ಪಿಪ್ ಮುಂದೆ ಅದೇ ಹೆಸರು ಬರೆದರೆ ಸಾಕಿತ್ತು.

ಎಲ್ಲ ತಪ್ಪು ಹೆಸರಿನ ಹಿಂದೆಯೂ ಕಳ್ಳನಿರುವುದಿಲ್ಲ ಎಂಬುದನ್ನೂ ಹೇಳಬೇಕು. 'ಎಸ್‌ಕೆಲರ್ನ್' ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಒಂದು ಖಾಲಿ ಡಬ್ಬಿ ವರ್ಷಗಟ್ಟಲೆ ಇತ್ತು. ತಪ್ಪಿ ಬಂದವರನ್ನು ಅಸಲಿ ಸೈಕಿಟ್-ಲರ್ನ್ ಕಡೆ ಕೈಹಿಡಿದು ಕರೆದೊಯ್ಯುವುದಷ್ಟೇ ಅದರ ಕೆಲಸ. ಗ್ರಂಥಪಾಲಕರ 'ನೋಡಿ' ಕಾರ್ಡಿನಂತೆ. ಜನ ಅದನ್ನೇ ಅಭ್ಯಾಸ ಮಾಡಿಕೊಂಡರು. ಕೊನೆಗೆ ಸೈಕಿಟ್-ಲರ್ನ್ ತಂಡ, ಹೀಗೆ ಬಿಟ್ಟರೆ ಗೊಂದಲ ಮುಗಿಯದೆಂದು, ಆಗೊಮ್ಮೆ ಈಗೊಮ್ಮೆ ಅದು ಎಡವುವಂತೆ ಮಾಡಿ ಎಚ್ಚರಿಸುತ್ತ ಬಂದು, 2023ರ ಡಿಸೆಂಬರ್ 1ರಿಂದ ಆ ದಾರಿಯನ್ನು ಪೂರ್ತಿ ಮುಚ್ಚಿತು. ಈಗ 'ಎಸ್‌ಕೆಲರ್ನ್' ತರಿಸಹೊರಟರೆ, ಸರಿಯಾದ ಹೆಸರು ಬಳಸಿ ಎಂಬ ಗದರಿಕೆ ಬರುತ್ತದೆ.

ಈಚಿನ ವರ್ಷಗಳಲ್ಲಿ ಊಹೆ ಮಾಡುವವರು ವಿದ್ಯಾರ್ಥಿಗಳು ಮಾತ್ರವಲ್ಲ. ಪ್ರಶ್ನೆ ಕೇಳಿದರೆ ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಪ್ಯಾಕೇಜಿನ ಹೆಸರನ್ನು ಧೈರ್ಯವಾಗಿ ಕಲ್ಪಿಸಿಬಿಡುತ್ತದೆ. 2024ರಲ್ಲಿ ಹೊರಬಂದ ಅಮೆರಿಕದ ವಿಶ್ವವಿದ್ಯಾಲಯಗಳ ಒಂದು ಅಧ್ಯಯನ ಇಂಥ 16 ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕು ಬರೆಸಿ ನೋಡಿತು. ಅವು ಸೂಚಿಸಿದ ಪ್ಯಾಕೇಜುಗಳಲ್ಲಿ ಸುಮಾರು ಐದರಲ್ಲೊಂದು ಲೋಕದಲ್ಲೇ ಇರಲಿಲ್ಲ. ಇರದಿದ್ದರೇನು, ಯಾರಾದರೂ ನಾಳೆ ಆ ಹೆಸರಿನಲ್ಲಿ ಒಂದನ್ನು ಇಡಬಹುದಲ್ಲ? ಬಾರ್ ಲಾನ್ಯಾಡೊ ಎಂಬ ಸುರಕ್ಷತಾ ಸಂಶೋಧಕ ಅದನ್ನೇ ಪರೀಕ್ಷಿಸಿದರು. ಯಂತ್ರಗಳು ಪದೇ ಪದೇ ಸೂಚಿಸುತ್ತಿದ್ದ 'ಹಗ್ಗಿಂಗ್‌ಫೇಸ್-ಸಿಎಲ್‌ಐ' ಎಂಬ ಇಲ್ಲದ ಹೆಸರಿನಲ್ಲಿ ಒಂದು ಖಾಲಿ ಪ್ಯಾಕೇಜ್ ಇಟ್ಟರು. ಮೂರು ತಿಂಗಳಲ್ಲಿ ಅದು 30,000ಕ್ಕೂ ಹೆಚ್ಚು ಸಲ ಇಳಿಕೆಯಾಯಿತು. ಯಂತ್ರದ ತಪ್ಪಾದರೂ ಎಂಥದು? 'ಹಗ್ಗಿಂಗ್‌ಫೇಸ್-ಸಿಎಲ್‌ಐ' ಎಂಬುದು ನಿಜವಾಗಿಯೂ ಇದ್ದ ಒಂದು ಆಜ್ಞೆಯ ಹೆಸರು. ಆದರೆ ಅದು ಬರುತ್ತಿದ್ದುದು 'ಹಗ್ಗಿಂಗ್‌ಫೇಸ್-ಹಬ್' ಎಂಬ ಪ್ಯಾಕೇಜಿನಿಂದ. ಸಿವಿ2 ಹುಡುಗ ಎಡವಿದ ಕಲ್ಲಿಗೇ ಯಂತ್ರವೂ ಎಡವಿತ್ತು.

ಯಂತ್ರವನ್ನೇ ಕೇಳಿದರೆ?

ಊಹೆ ಬೇಡವೆಂದ ಮೇಲೆ ಉತ್ತರ ಎಲ್ಲಿದೆ? ಕಂಪ್ಯೂಟರಿನೊಳಗೇ ಇದೆ.

ಪಿಪ್ ತರಿಸಿದ್ದೆಲ್ಲ 'ಸೈಟ್-ಪ್ಯಾಕೇಜಸ್' ಎಂಬ ಕಡತಕೋಶಕ್ಕೆ ಹೋಗಿ ಸೇರುತ್ತದೆ. ಅದನ್ನು ತೆರೆದು ನೋಡುವ ವಿದ್ಯಾರ್ಥಿಗಳು ಕಡಿಮೆ, ನೋಡಬೇಕು. ಅಲ್ಲಿ ಪ್ರತಿ ಪ್ಯಾಕೇಜಿಗೂ ಸಾಮಾನ್ಯವಾಗಿ ಎರಡು ಬಗೆಯ ಕೋಶಗಳಿರುತ್ತವೆ. ಒಂದು ಮಾಡ್ಯೂಲಿನದು, ಉದಾಹರಣೆಗೆ 'ಪಿಐಎಲ್'. ಇನ್ನೊಂದು ಪ್ಯಾಕೇಜಿನ ಹೆಸರು, ಆವೃತ್ತಿಯ ಸಂಖ್ಯೆ, ಕೊನೆಯಲ್ಲಿ 'ಡಿಸ್ಟ್-ಇನ್ಫೋ' ಎಂಬ ಬಾಲ ಇರುವಂಥದು. ಇದೇ ಆ ಪ್ಯಾಕೇಜಿನ ಜಾತಕ. ಇದರೊಳಗಿನ 'ಮೆಟಾಡೇಟಾ' ಕಡತದಲ್ಲಿ ಬರೆದವರು ಯಾರು, ಯಾವ ಪರವಾನಗಿ, ಇನ್ನಾವ ಪ್ಯಾಕೇಜುಗಳು ಬೇಕು ಎಂಬ ವಿವರವಿರುತ್ತದೆ. 'ರೆಕಾರ್ಡ್' ಎಂಬ ಕಡತ ಇನ್ನೂ ಮುಖ್ಯ. ಪ್ಯಾಕೇಜು ಈ ಕಂಪ್ಯೂಟರಿನಲ್ಲಿ ಇಳಿಸಿದ ಕಡತಗಳ ಪಟ್ಟಿ ಅದು: ಯಾವ ಕಡತ ಎಲ್ಲಿದೆ, ಅದರ ಗಾತ್ರವೆಷ್ಟು, ಅದು ಬದಲಾಗಿಲ್ಲ ಎಂಬುದನ್ನು ಪರೀಕ್ಷಿಸುವ ಗುರುತುಸಂಖ್ಯೆ ಏನು. ಮದುವೆಮನೆಯ ಉಗ್ರಾಣದವರು ಪಾತ್ರೆಗಳನ್ನು ಎಣಿಸಿ ಬರೆದಿಟ್ಟ ಚೀಟಿಯಂತೆ. ಪ್ಯಾಕೇಜನ್ನು ತೆಗೆದುಹಾಕುವಾಗ ಪಿಪ್ ಇದೇ ಚೀಟಿ ಹಿಡಿದು ಒಂದೊಂದನ್ನೇ ಎತ್ತುತ್ತದೆ.

ಹಲವು ಪ್ಯಾಕೇಜುಗಳಲ್ಲಿ 'ಟಾಪ್-ಲೆವೆಲ್' ಎಂಬ ಮೂರನೆಯ ಪುಟ್ಟ ಕಡತವೂ ಇರುತ್ತದೆ. ಪೈಯಾಮಲ್‌ನ ಈ ಕಡತ ತೆರೆದರೆ ಅದರಲ್ಲಿ 'ಯಾಮಲ್' ಎಂಬ ಹೆಸರು ಇರುತ್ತದೆ. ಗ್ರಂಥಪಾಲಕರ ಆ ಪುಟ್ಟ ಕಾರ್ಡು ಎಂದರೆ ಇದೇ.

ಪ್ರತಿ ಸಲ ಕೋಶ ತೆರೆದು ಓದಬೇಕಾಗಿಲ್ಲ. 'ಪಿಪ್ ಷೋ' ಎಂದು ಬರೆದು, ಅದರ ಮುಂದೆ ಅಡ್ಡಗೆರೆ ಮತ್ತು 'ಎಫ್' ಅಕ್ಷರ, ಆಮೇಲೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಇಳಿಸಿದ ಕಡತಗಳೆಲ್ಲ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಡಬ್ಬಿಯ ಹೆಸರು ಗೊತ್ತಿದ್ದು ಒಳಗಿನದು ಗೊತ್ತಿಲ್ಲದಾಗ ಈ ದಾರಿ. ಒಳಗಿನ ಹೆಸರು ಗೊತ್ತಿದ್ದು ಡಬ್ಬಿ ಯಾವುದೆಂದು ತಿಳಿಯಬೇಕಾದರೆ ಇನ್ನೊಂದು ದಾರಿ ಬೇಕು. 2021ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.10ರಲ್ಲಿ ಅದನ್ನು ಜೋಡಿಸಿದರು. 'ಇಂಪೋರ್ಟ್‌ಲಿಬ್' ಎಂಬ ಅಂತರ್ಗತ ಮಾಡ್ಯೂಲಿನ 'ಮೆಟಾಡೇಟಾ' ವಿಭಾಗದಲ್ಲಿ 'ಪ್ಯಾಕೇಜಸ್-ಡಿಸ್ಟ್ರಿಬ್ಯೂಷನ್ಸ್' ಎಂಬ ಕಾರ್ಯವೊಂದಿದೆ. ಅದನ್ನು ಕರೆದರೆ ಕಂಪ್ಯೂಟರಿನಲ್ಲಿರುವ ಡಿಸ್ಟ್-ಇನ್ಫೋ ಕೋಶಗಳನ್ನೆಲ್ಲ ಓದಿ ಒಂದು ನಿಘಂಟು ಒಪ್ಪಿಸುತ್ತದೆ: ಎಡಗಡೆ ಮಾಡ್ಯೂಲಿನ ಹೆಸರು, ಬಲಗಡೆ ಅದನ್ನು ಕೊಟ್ಟ ಪ್ಯಾಕೇಜಿನ ಹೆಸರು. ಮೊದಲು ಟಾಪ್-ಲೆವೆಲ್ ಕಡತ ನೋಡುತ್ತದೆ. ಅದಿಲ್ಲದ ಪ್ಯಾಕೇಜುಗಳಲ್ಲಿ ರೆಕಾರ್ಡ್ ಪಟ್ಟಿಯಿಂದಲೇ ತರ್ಕಿಸುವುದನ್ನು ಈಗಿನ ಆವೃತ್ತಿಗಳು ಕಲಿತಿವೆ. ಬಲಗಡೆ ಇರುವುದು ಒಂದು ಹೆಸರಲ್ಲ, ಹೆಸರುಗಳ ಪಟ್ಟಿ ಎಂಬುದನ್ನು ಗಮನಿಸಬೇಕು. ಸಿವಿ2 ಎದುರಿಗೆ ಎರಡು ಪ್ಯಾಕೇಜುಗಳ ಹೆಸರು ಕಂಡರೆ, ನಿನ್ನೆಯಿಂದ ಕಾಡುತ್ತಿರುವ ತೊಂದರೆಗೆ ಕಾರಣವೂ ಅಲ್ಲೇ ಕಂಡಂತಾಯಿತು.

ಸರಿಯಾದ ಹೆಸರನ್ನೇ ತರಿಸಿದರೂ 'ಮಾಡ್ಯೂಲ್ ಇಲ್ಲ' ಎಂಬ ದೂರು ನಿಲ್ಲದಿರುವುದೂ ಉಂಟು. ಬಹಳ ಸಲ ಕಾರಣ, ಒಂದೇ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಸಂಸಾರ ಹೂಡಿರುವುದು. ಪಿಪ್ ಒಂದರ ಕಪಾಟಿನಲ್ಲಿ ಸಾಮಾನಿಟ್ಟಿರುತ್ತದೆ, ಪ್ರೋಗ್ರಾಂ ಇನ್ನೊಂದರ ಕಪಾಟಿನಲ್ಲಿ ಹುಡುಕುತ್ತಿರುತ್ತದೆ. ಬರೀ 'ಪಿಪ್' ಎನ್ನುವ ಬದಲು 'ಪೈಥಾನ್ -ಎಂ ಪಿಪ್' ಎಂದು ಬರೆದರೆ, ಪ್ರೋಗ್ರಾಂ ಓಡಿಸುವ ಪೈಥಾನಿನ ಕಪಾಟಿಗೇ ಸಾಮಾನು ಹೋಗುತ್ತದೆ. ಇನ್ನೊಂದು ಕಾರಣ ಮನೆಯೊಳಗಿನದೇ. ಅಭ್ಯಾಸದ ಪ್ರೋಗ್ರಾಮಿಗೆ 'ರ್‍ಯಾಂಡಮ್' ಎಂದೋ 'ಯಾಮಲ್' ಎಂದೋ ಹೆಸರಿಟ್ಟು ಅದೇ ಕೋಶದಲ್ಲಿ ಉಳಿಸಿದ್ದರೆ ಪೈಥಾನ್ ಮೊದಲು ಆ ಕಡತವನ್ನೇ ಎತ್ತಿಕೊಂಡು, ಅಸಲಿ ಮಾಡ್ಯೂಲನ್ನು ಕಡೆಗಣಿಸುತ್ತದೆ.

ಪ್ರಾಜೆಕ್ಟಿಗೊಂದು ಪ್ರತ್ಯೇಕ ಕಪಾಟು ಮಾಡಿಕೊಳ್ಳುವ 'ವೆನ್ವ್' ಎಂಬ ಏರ್ಪಾಡು ಪೈಥಾನಿನಲ್ಲೇ 2012ರಿಂದ ಇದೆ. ಒಂದು ಪ್ರಾಜೆಕ್ಟಿನ ಸಿವಿ2 ಇನ್ನೊಂದರ ತಂಟೆಗೆ ಹೋಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಅದು ಕಳ್ಳನನ್ನು ತಡೆಯುವ ಬೀಗವೆಂದು ಕೆಲವರು ತಿಳಿದಂತಿದೆ, ಅಲ್ಲ. ಆ ಕಪಾಟಿನೊಳಗೆ ಬಂದ ಕೆಟ್ಟ ಕೋಡಿಗೂ ಮನೆಯೆಲ್ಲ ಓಡಾಡಲು ಅಡ್ಡಿಯಿಲ್ಲ.

ಇವೆಲ್ಲ ಉತ್ತರಿಸುವುದು ಈಗಾಗಲೇ ಕಂಪ್ಯೂಟರಿಗೆ ಬಂದಿರುವ ಪ್ಯಾಕೇಜುಗಳ ಬಗ್ಗೆ. ಇನ್ನೂ ಬಾರದ ಮಾಡ್ಯೂಲು ಯಾವ ಡಬ್ಬಿಯಲ್ಲಿದೆ ಎಂದು ಹೇಳುವ ಅಧಿಕೃತ ಸೂಚಿಯನ್ನು ಪೈ-ಪಿ-ಐ ಇಟ್ಟಿಲ್ಲ. ಆಗ ನಂಬಬೇಕಾದದ್ದು ಆ ತಂತ್ರಾಂಶ ಬರೆದವರೇ ಪ್ರಕಟಿಸಿದ ಕೈಪಿಡಿಯ ಮೊದಲ ಪುಟವನ್ನು. ಸೈಕಿಟ್-ಲರ್ನ್, ಪಿಲ್ಲೋ, ಬ್ಯೂಟಿಫುಲ್ ಸೂಪ್ ಎಲ್ಲವೂ ತರಿಸಬೇಕಾದ ಹೆಸರನ್ನು ಅಲ್ಲೇ ಅಕ್ಷರ ಬಿಡದೆ ಬರೆದಿವೆ. ಗೆಳೆಯನ ಪ್ರೋಗ್ರಾಮಿನ ಜೊತೆಗೆ 'ರಿಕ್ವೈರ್‌ಮೆಂಟ್ಸ್' ಎಂಬ ಕಡತವಿದ್ದರೆ ಅದನ್ನೂ ಕೇಳಿ ಪಡೆಯಬೇಕು. ಅದರಲ್ಲಿರುವುದು ಡಬ್ಬಿಗಳ ಹೆಸರು. ಪ್ರಾಜೆಕ್ಟ್ ವರದಿಯ ಜೊತೆ ಈ ಕಡತವನ್ನೂ ಸಲ್ಲಿಸಬೇಕೆಂದು ಅಧ್ಯಾಪಕರು ಕಡ್ಡಾಯ ಮಾಡಿದರೆ ಮುಂದಿನ ವರ್ಷದ ಹುಡುಗರ ಅರ್ಧ ರಾತ್ರಿಗಳಾದರೂ ಉಳಿದಾವು.

ದೊಡ್ಡವರಿಗೂ ಇದೇ ಪ್ರಶ್ನೆ ಎದುರಾದದ್ದುಂಟು. 2021ರ ಡಿಸೆಂಬರಿನಲ್ಲಿ ಜಾವಾ ಭಾಷೆಯ 'ಲಾಗ್4ಜೆ' ಎಂಬ ಪ್ಯಾಕೇಜಿನಲ್ಲಿ ದೊಡ್ಡ ಬಿರುಕೊಂದು ಬಯಲಾದಾಗ, ಲೋಕದ ತುಂಬ ಸಂಸ್ಥೆಗಳು 'ನಮ್ಮಲ್ಲಿ ಅದು ಇದೆಯೇ?' ಎಂದು ಹಗಲುರಾತ್ರಿ ಹುಡುಕಬೇಕಾಯಿತು. ಡಬ್ಬಿಯೊಳಗಿನ ಡಬ್ಬಿಯೊಳಗೆ ಬೇರೊಂದು ಹೆಸರಿನಡಿ ಅದು ಅಡಗಿರುತ್ತಿತ್ತು. ತಾವು ಮಾರುವ ತಂತ್ರಾಂಶದೊಳಗೆ ಏನೇನಿದೆ ಎಂಬ ಪಟ್ಟಿ ಕೊಡಬೇಕೆಂಬ ಒತ್ತಾಯ ಅಮೆರಿಕ ಸರ್ಕಾರದಿಂದ ಅದೇ ವರ್ಷ ಮೇ ತಿಂಗಳಲ್ಲೇ ಹೊರಟಿತ್ತು.

ಪೈಥಾನ್ ಬಳಗ ಕೂಡ ಈಗ ಮೂಲಕ್ಕೇ ಕೈಹಾಕಿದೆ. ಬ್ರೆಟ್ ಕ್ಯಾನನ್ ಮುಂದಿಟ್ಟ 794ನೇ ಪ್ರಸ್ತಾವ 2025ರಲ್ಲಿ ಒಪ್ಪಿಗೆ ಪಡೆಯಿತು. ಪ್ಯಾಕೇಜು ತಾನು ಯಾವ ಯಾವ ಹೆಸರಿನ ಮಾಡ್ಯೂಲು ಕೊಡುತ್ತೇನೆಂಬುದನ್ನು ತನ್ನ ಮೆಟಾಡೇಟಾದಲ್ಲೇ ಸ್ಪಷ್ಟವಾಗಿ ಬರೆದುಕೊಳ್ಳಲು ಅದು ಜಾಗ ಮಾಡಿಕೊಡುತ್ತದೆ. ಹೀಗೆ ಬರೆದುಕೊಂಡರೆ, ಪ್ಯಾಕೇಜನ್ನು ತರಿಸುವ ಮೊದಲೇ ಒಳಗಿನ ಹೆಸರನ್ನು ಓದಿ ತಿಳಿಯಬಹುದು. ಬರೆದುಕೊಳ್ಳಲೇಬೇಕೆಂಬ ಕಡ್ಡಾಯ ಇಲ್ಲ. ಹಿಂದೆ ಹೊರಬಂದ ಲಕ್ಷಾಂತರ ಆವೃತ್ತಿಗಳ ಜಾತಕಗಳನ್ನು ತಿದ್ದುವುದೂ ಇಲ್ಲ. ಪಿಲ್ಲೋ ಒಳಗಿನದು ಪಿಐಎಲ್ ಆಗಿಯೇ ಇರುತ್ತದೆ.